ಬಸುರಿಯ ಅಯೋಡಿನ್, ಬಸುರಿಯ ಥೈರಾಯ್ಡ್: ಎರಡು ಪ್ರಶ್ನೆ, ಎರಡು ಅಳತೆ

ಗರ್ಭಿಣಿಯರ ಆರೋಗ್ಯದ ಮಾತು ಬಂದಾಗ ಅಯೋಡಿನ್ ಮತ್ತು ಥೈರಾಯ್ಡ್ ಎಂಬ ಹೆಸರುಗಳು ಯಾವಾಗಲೂ ಜೊತೆಯಾಗಿಯೇ ಕೇಳಿಬರುತ್ತವೆ. ಹೀಗೆ ಜೊತೆಯಾಗಿ ಬರುವುದರಿಂದಲೇ ಒಂದು ಗೊಂದಲವೂ ಬೇರುಬಿಟ್ಟಿದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಗ್ರಂಥಿ ಸೋತಾಗ ಇದು ಏರುತ್ತದೆ) ಜಾಸ್ತಿ ಬಂದಿದೆ ಎಂದು ತಿಳಿದ ತಕ್ಷಣ “ಹಾಗಾದರೆ ಉಪ್ಪು ಬದಲಾಯಿಸಬೇಕೇ ಡಾಕ್ಟ್ರೇ?” ಎಂದು ಕೇಳುವವರಿದ್ದಾರೆ. ನಾವು ಅಯೋಡಿನ್ ಉಪ್ಪನ್ನೇ ಉಣ್ಣುತ್ತಿದ್ದೇವೆ, ನಮ್ಮ ಹುಡುಗಿಗೆ ಥೈರಾಯ್ಡ್ ಪರೀಕ್ಷೆ ಯಾಕೆ ಎಂದು ವಾದಿಸುವ ಅತ್ತೆಯಂದಿರೂ ಇದ್ದಾರೆ. ಎರಡೂ ಮಾತಿನ ಹಿಂದಿರುವ ತಿಳಿವಳಿಕೆ ಒಂದೇ: ಅಯೋಡಿನ್ ಸರಿಯಿದ್ದರೆ ಥೈರಾಯ್ಡ್ ಸರಿ, ಥೈರಾಯ್ಡ್ ಕೆಟ್ಟಿದ್ದರೆ ಅಯೋಡಿನ್ ಕಡಿಮೆ. ಈ ತಿಳಿವಳಿಕೆ ನಿಲ್ಲುವುದಿಲ್ಲ ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ. ಅಯೋಡಿನ್ ಸಾಕಷ್ಟಿದೆಯೇ ಎಂಬುದು ಮುಖ್ಯವಾಗಿ ಒಂದು ಜನಸಮುದಾಯದ ಬಗ್ಗೆ ಕೇಳಬೇಕಾದ ಪ್ರಶ್ನೆ. ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ಎದುರಿಗೆ ಕುಳಿತ ಒಬ್ಬ ಹೆಣ್ಣುಮಗಳ ಬಗ್ಗೆ ಕೇಳಬೇಕಾದ ಪ್ರಶ್ನೆ. ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿದರೆ ಉತ್ತರ ದಾರಿ ತಪ್ಪುತ್ತದೆ.

ಮೊದಲು ದೇಹದೊಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಥೈರಾಯ್ಡ್ ಗ್ರಂಥಿ ತಯಾರಿಸುವ ಮುಖ್ಯ ಹಾರ್ಮೋನಾದ ಥೈರಾಕ್ಸಿನ್, ಅಂದರೆ ಟಿ4ರ ಪ್ರತಿಯೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ. ಅಯೋಡಿನ್ ಇಲ್ಲದೆ ಈ ಹಾರ್ಮೋನನ್ನು ಕಟ್ಟಲು ಬೇರೆ ದಾರಿಯೇ ಇಲ್ಲ. ಬಸುರಾದ ಕೆಲವೇ ವಾರಗಳಲ್ಲಿ ಮೂರು ಕಾರಣಗಳಿಂದ ಅಯೋಡಿನ್ ಅಗತ್ಯ ಏರುತ್ತದೆ. ತಾಯಿಯ ಗ್ರಂಥಿ ಮೊದಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಹಾರ್ಮೋನ್ ತಯಾರಿಸಬೇಕಾಗುತ್ತದೆ. ಮೂತ್ರಪಿಂಡಗಳಲ್ಲಿ ರಕ್ತದ ಹರಿವು ಹೆಚ್ಚುವುದರಿಂದ ಅಯೋಡಿನ್ ಮೂತ್ರದಲ್ಲಿ ಹೆಚ್ಚಾಗಿ ಸೋರಿಹೋಗುತ್ತದೆ. ಮುಂದೆ ಮಗುವಿನ ಗ್ರಂಥಿಗೂ ಮಾಸಿನ ಮೂಲಕ ಅಯೋಡಿನ್ ಒದಗಿಸಬೇಕಾಗುತ್ತದೆ. ಮಗುವಿನ ಥೈರಾಯ್ಡ್ ಹನ್ನೆರಡನೆಯ ವಾರದ ಹೊತ್ತಿಗೆ ಅಯೋಡಿನ್ ಹಿಡಿದಿಟ್ಟುಕೊಳ್ಳಲು ಕಲಿತರೂ, ಅದು ಹೇಳಿಕೊಳ್ಳುವಷ್ಟು ಹಾರ್ಮೋನ್ ತಯಾರಿಸುವುದು ಹದಿನೆಂಟು, ಇಪ್ಪತ್ತನೆಯ ವಾರದ ಸುಮಾರಿಗೆ. ಅಲ್ಲಿಯವರೆಗೆ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ ಬಹುಮಟ್ಟಿಗೆ ತಾಯಿಯಿಂದಲೇ ಬರಬೇಕು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕೆಂದರೆ, ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ 250 ಮೈಕ್ರೋಗ್ರಾಂ ಬೇಕೆಂದು ಹೇಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಯೋಡಿನ್ ಸಾಕಷ್ಟು ಸಿಗುವ ಊರಿನಲ್ಲಿ ಬೆಳೆದ ಹೆಣ್ಣಿನ ಗ್ರಂಥಿಯಲ್ಲಿ 15ರಿಂದ 20 ಮಿಲಿಗ್ರಾಂವರೆಗೆ ಅಯೋಡಿನ್ ಸಂಗ್ರಹವಿರುತ್ತದೆ. ಈ ಸಂಗ್ರಹದೊಂದಿಗೆ ಬಸುರಾದವಳು ಮೊದಲ ಮೂರು ತಿಂಗಳ ವಾಂತಿ, ಊಟ ಸೇರದಿರುವಿಕೆಗಳ ನಡುವೆಯೂ ನಿಭಾಯಿಸುತ್ತಾಳೆ. ಮೊದಲೇ ಬರಿದಾಗಿದ್ದ ಗ್ರಂಥಿಯೊಂದಿಗೆ ಬಸುರಾದವಳಿಗೆ, ತಿಂಗಳು ನಿಂತ ಮೇಲೆ ಉಪ್ಪು ಬದಲಾಯಿಸಿ ಪೂರ್ತಿ ಸರಿಪಡಿಸುವಷ್ಟು ಸಮಯ ಸಿಗುವುದಿಲ್ಲ. ಹೀಗಾಗಿ ಗರ್ಭಿಣಿಯ ಅಯೋಡಿನ್ ಪೋಷಣೆಯ ಕೆಲಸ ಮದುವೆಗೂ ಮೊದಲು, ಹುಡುಗಿಯ ತವರಿನ ಅಡುಗೆಮನೆಯಲ್ಲೇ ಶುರುವಾಗಿರಬೇಕು. ನಮ್ಮ ಕಾರ್ಯಕ್ರಮಗಳೆಲ್ಲ ತಾಯಿ ಕಾರ್ಡ್ ಕೈಗೆ ಬಂದ ಮೇಲೆ ಚುರುಕಾಗುತ್ತವೆ; ಈ ಒಂದು ವಿಷಯದಲ್ಲಿ ಅದು ತಡವೆಂದೇ ನನ್ನ ಅಭಿಪ್ರಾಯ.

ಈಗ ಅಳತೆಯ ವಿಚಾರ. ನಾವು ತಿಂದ ಅಯೋಡಿನ್‌ನಲ್ಲಿ ಶೇ. 90ರಷ್ಟು ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಆದ್ದರಿಂದ ಮೂತ್ರದಲ್ಲಿ ಎಷ್ಟಿದೆ ಎಂದು ನೋಡಿದರೆ ಊಟದಲ್ಲಿ ಎಷ್ಟಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ದಿನಕ್ಕೆ 250 ಮೈಕ್ರೋಗ್ರಾಂ ತಿಂದರೆ 225 ಹೊರಬರುತ್ತದೆ. ದಿನಕ್ಕೆ ಒಂದೂವರೆ ಲೀಟರ್ ಮೂತ್ರವಾಗುತ್ತದೆ ಎಂದು ಹಿಡಿದರೆ ಲೀಟರಿಗೆ 150 ಮೈಕ್ರೋಗ್ರಾಂ ಆಯಿತು. ಗರ್ಭಿಣಿಯರ ಗುಂಪಿನಲ್ಲಿ ಮೂತ್ರದ ಅಯೋಡಿನ್ ಮಧ್ಯಾಂಕ ಲೀಟರಿಗೆ 150ಕ್ಕಿಂತ ಕಡಿಮೆಯಿದ್ದರೆ ಆ ಸಮುದಾಯಕ್ಕೆ ಅಯೋಡಿನ್ ಸಾಲುತ್ತಿಲ್ಲ, 150ರಿಂದ 249ರ ನಡುವೆ ಇದ್ದರೆ ಸಾಕಷ್ಟಿದೆ, 250ರಿಂದ 499 ಇದ್ದರೆ ಅಗತ್ಯಕ್ಕಿಂತ ಹೆಚ್ಚು, 500 ಮತ್ತು ಅದಕ್ಕೆ ಮೇಲ್ಪಟ್ಟರೆ ಅತಿಯಾಯಿತು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಇಂಥ ಸರಳ ಲೆಕ್ಕದ ಮೇಲೆಯೇ ನಿಂತಿದೆ. ಇಲ್ಲಿ ಮಧ್ಯಾಂಕ ಎಂದರೆ ಶಾಲೆಯ ಗಣಿತದಲ್ಲಿ ಕಲಿತ ಮಧ್ಯಾಂಕವೇ: ಎಲ್ಲರ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ. ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನು ಹಿಡಿದದ್ದಕ್ಕೆ ಕಾರಣವಿದೆ. ಹಿಂದಿನ ದಿನ ಮೀನೂಟ ಮಾಡಿದ ನಾಲ್ಕೈದು ಮಂದಿಯ ದೊಡ್ಡ ಅಂಕಿಗಳು ಸರಾಸರಿಯನ್ನು ಎಳೆದುಬಿಡುತ್ತವೆ, ಮಧ್ಯಾಂಕವನ್ನು ಅಷ್ಟು ಸುಲಭವಾಗಿ ಅಲುಗಿಸಲಾರವು.

ಈ ಗೆರೆಗಳನ್ನು ಒಬ್ಬರಿಗೆ ಅನ್ವಯಿಸುವುದೇ ಎಲ್ಲರೂ ಮಾಡುವ ತಪ್ಪು. ಒಬ್ಬಾಕೆಯ ಮೂತ್ರದ ಅಯೋಡಿನ್ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಹೆಚ್ಚು ನೀರು ಕುಡಿದ ದಿನ ಕಡಿಮೆ, ಬಿಸಿಲಲ್ಲಿ ದುಡಿದ ದಿನ ಹೆಚ್ಚು. ಒಬ್ಬ ವ್ಯಕ್ತಿಯ ನಿಜವಾದ ಸ್ಥಿತಿಯನ್ನು ಶೇ. 20ರ ಏರುಪೇರಿನೊಳಗೆ ಹೇಳಬೇಕಾದರೂ ಬೇರೆ ಬೇರೆ ದಿನಗಳ ಹತ್ತರಷ್ಟು ಮಾದರಿಗಳು ಬೇಕೆಂದು ಅಧ್ಯಯನಗಳು ತೋರಿಸಿವೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿ ಇದೆ ಎಂಬುದು ಊರಿಗೆ ಬೇಸಿಗೆ ಹೇಗೆ ಕಳೆಯುತ್ತದೆ ಎಂಬುದನ್ನು ತಿಳಿಸುತ್ತದೆ, ನಿಮ್ಮ ಮನೆಯ ನಲ್ಲಿ ಇವತ್ತು ಬರುತ್ತದೆಯೇ ಎಂಬುದನ್ನಲ್ಲ. ಆದರೂ ಕೆಲವು ಖಾಸಗಿ ಪ್ರಯೋಗಾಲಯಗಳ ಗರ್ಭಿಣಿ ಪ್ಯಾಕೇಜುಗಳಲ್ಲಿ ಒಂದೇ ಮಾದರಿಯ ಮೂತ್ರದ ಅಯೋಡಿನ್ ಪರೀಕ್ಷೆ ಸೇರಿಕೊಂಡಿರುತ್ತದೆ. 110 ಎಂದು ಬಂದ ಅಂಕಿಯ ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಕೊರತೆ’ ಎಂದು ಅಚ್ಚಾಗಿರುತ್ತದೆ. ಆ ವರದಿಯನ್ನು ಹಿಡಿದು ಗಾಬರಿಯಾಗಿ ಬರುವವರಿಗೆ, ನೂರು ಮಂದಿ ಸೇರಿದರೆ ಮಾತ್ರ ಈ ಅಂಕಿಗೆ ಅರ್ಥ ಎಂದು ತಿಳಿಸಿ ಹೇಳುವುದು ವೈದ್ಯರ ಕೆಲಸವಾಗಿಬಿಟ್ಟಿದೆ.

ಪ್ರಯೋಗಾಲಯದಲ್ಲಿ ಈ ಅಳತೆ ನಡೆಯುವ ಬಗೆ ಚೆಂದವಾಗಿದೆ, ಒಮ್ಮೆ ನೋಡಬೇಕಾದದ್ದು. ಮೂತ್ರದ ಮಾದರಿಯನ್ನು ಅಮೋನಿಯಂ ಪರ್‌ಸಲ್ಫೇಟ್ ಹಾಕಿ ಕಾಯಿಸಿ, ಅಡ್ಡಿಮಾಡುವ ವಸ್ತುಗಳನ್ನು ಸುಟ್ಟುಹಾಕುತ್ತಾರೆ. ನಂತರ ಹಳದಿ ಬಣ್ಣದ ಸೀರಿಯಂ ದ್ರಾವಣ ಮತ್ತು ಆರ್ಸೆನೈಟ್ ಅನ್ನು ಬೆರೆಸುತ್ತಾರೆ. ಅಯೋಡಿನ್ ಇಲ್ಲಿ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಅದು ಹೆಚ್ಚಿದ್ದಷ್ಟೂ ಹಳದಿ ಬೇಗ ಮಾಸಿ ದ್ರಾವಣ ನೀರಿನಂತಾಗುತ್ತದೆ. ಎಷ್ಟು ವೇಗವಾಗಿ ಬಣ್ಣ ಹೋಯಿತು ಎಂಬುದರಿಂದ ಅಯೋಡಿನ್ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಸ್ಯಾಂಡೆಲ್ ಮತ್ತು ಕೋಲ್ಟಾಫ್ ಎಂಬ ರಸಾಯನ ವಿಜ್ಞಾನಿಗಳು 1937ರಲ್ಲಿ ವಿವರಿಸಿದ ಈ ಕ್ರಿಯೆಯೇ ಇಂದಿಗೂ ಅನೇಕ ಸಮೀಕ್ಷೆಗಳ ಆಧಾರ. ಸಣ್ಣ ಅಜಾಗರೂಕತೆಯೂ ಇದನ್ನು ಕೆಡಿಸಬಲ್ಲದು. ಮಾದರಿ ಸಂಗ್ರಹಿಸುವ ಕೋಣೆಯಲ್ಲೇ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಬಾಟಲಿ ತೆರೆದಿದ್ದು, ಅದೇ ಕೈಯಲ್ಲಿ ಮೂತ್ರದ ಡಬ್ಬಿಯ ಮುಚ್ಚಳ ಹಾಕಿದರೆ ಆ ಮಾದರಿಯನ್ನು ಚೆಲ್ಲಬೇಕಾದದ್ದೇ. ನೀರು ಕುಡಿದದ್ದರ ಏರುಪೇರನ್ನು ಸರಿದೂಗಿಸಲು ಕೆಲವರು ಅದೇ ಮಾದರಿಯಲ್ಲಿ ಕ್ರಿಯಾಟಿನಿನ್ (ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಸೇರುವ ತ್ಯಾಜ್ಯ) ಕೂಡ ಅಳೆದು ಎರಡರ ಅನುಪಾತ ನೋಡುತ್ತಾರೆ.

ಇನ್ನೊಂದು ತೊಡಕು ಸಮೀಕ್ಷೆಗಳಲ್ಲೇ ಇದೆ. ಅಯೋಡಿನ್ ಸಮೀಕ್ಷೆಗಳು ಬಹುಕಾಲದಿಂದ ನಡೆದುಬಂದಿರುವುದು 6ರಿಂದ 12 ವರ್ಷದ ಶಾಲಾ ಮಕ್ಕಳಲ್ಲಿ. ಅವರು ಒಂದೇ ಕಡೆ ಸಿಗುತ್ತಾರೆ ಎಂಬುದು ಕಾರಣ. ಮಕ್ಕಳ ಗುಂಪಿನಲ್ಲಿ ಮಧ್ಯಾಂಕ ಲೀಟರಿಗೆ 100 ದಾಟಿದರೆ ಸಾಕಷ್ಟಿದೆ ಎನ್ನುತ್ತೇವೆ. ಆದರೆ ಅದೇ ಊರಿನ, ಅದೇ ಉಪ್ಪು ತಿನ್ನುವ ಗರ್ಭಿಣಿಯರಿಗೆ ಗೆರೆ 150. ಮಕ್ಕಳಲ್ಲಿ 120 ಬಂದ ತಾಲ್ಲೂಕನ್ನು ಹಸಿರು ಬಣ್ಣದಲ್ಲಿ ಗುರುತಿಸಿ ಸುಮ್ಮನಾದರೆ, ಅಲ್ಲಿನ ಬಸುರಿಯರ ಕೊರತೆ ನಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಗರ್ಭಿಣಿಯರನ್ನು ಪ್ರತ್ಯೇಕವಾಗಿಯೇ ಅಳೆಯಬೇಕು. ಪ್ರಸವಪೂರ್ವ ತಪಾಸಣೆಗೆಂದು ಅವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಮೂತ್ರದ ಮಾದರಿಯನ್ನು ಹೇಗೂ ಕೊಡುತ್ತಾರೆ. ಅದರಲ್ಲೇ ಒಂದು ಪಾಲನ್ನು ಇದಕ್ಕೆ ತೆಗೆದಿಡುವುದು ಅಸಾಧ್ಯದ ಮಾತೇನಲ್ಲ.

ಮೂತ್ರಕ್ಕಿಂತ ಹಿಂದಿನ ಮೆಟ್ಟಿಲು ಉಪ್ಪು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಕೆಲವು ಭಾಗಗಳಿಗೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಇನ್ನೊಂದು ಭಾಗಕ್ಕೆ ಸಾದಾ ಉಪ್ಪನ್ನೂ ಕೊಟ್ಟು ನೋಡಿದಾಗ, ಅಯೋಡಿನ್ ಉಪ್ಪು ತಲುಪಿದ ಕಡೆ ಗಳಗಂಡ ಇಳಿಯಿತು. ಅದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಕೊರತೆಯ ಪರಿಣಾಮ ಕುತ್ತಿಗೆಯ ಊತಕ್ಕಷ್ಟೇ ಸೀಮಿತವಲ್ಲ, ಗರ್ಭಪಾತ, ಹುಟ್ಟುವಾಗಲೇ ಸತ್ತ ಮಗು, ಬುದ್ಧಿಮಾಂದ್ಯ ಎಲ್ಲವೂ ಅದರೊಂದಿಗೆ ಸೇರಿವೆ ಎಂಬ ಅರಿವು ಬಲವಾದಂತೆ 1992ರಲ್ಲಿ ಕಾರ್ಯಕ್ರಮದ ಹೆಸರೂ ‘ಅಯೋಡಿನ್ ಕೊರತೆಯ ಕಾಯಿಲೆಗಳ ನಿಯಂತ್ರಣ’ ಎಂದಾಯಿತು. ಊಟಕ್ಕೆ ಅಯೋಡಿನ್‌ರಹಿತ ಉಪ್ಪಿನ ಮಾರಾಟದ ಮೇಲಿನ ನಿಷೇಧವನ್ನು 2000ದಲ್ಲಿ ಹಿಂತೆಗೆದುಕೊಂಡು, ಮತ್ತೆ 2006ರಿಂದ ಜಾರಿಗೆ ತಂದ ಕಥೆ ಬೇರೆಯೇ ಇದೆ. ಈ ಕಾರ್ಯಕ್ರಮದ ಮಾನದಂಡದಂತೆ ಉಪ್ಪು ತಯಾರಾಗುವಲ್ಲಿ ಅಯೋಡಿನ್ ಕನಿಷ್ಠ 30 ಪಿಪಿಎಂ, ಮಾರಾಟದ ಹಂತದಲ್ಲಿ ಕನಿಷ್ಠ 15 ಪಿಪಿಎಂ ಇರಬೇಕು. ಒಂದು ಪಿಪಿಎಂ ಎಂದರೆ ಒಂದು ಗ್ರಾಂ ಉಪ್ಪಿನಲ್ಲಿ ಒಂದು ಮೈಕ್ರೋಗ್ರಾಂ.

ನಮ್ಮ ದೇಶದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 94ರ ಆಸುಪಾಸಿನ ಮನೆಗಳಲ್ಲಿ ಅಯೋಡಿನ್ ಉಪ್ಪು ಇದೆ. 2018–19ರ ಭಾರತ ಅಯೋಡಿನ್ ಸಮೀಕ್ಷೆಯ ಪ್ರಕಾರ ಸಾಕಷ್ಟು ಅಯೋಡಿನ್ ಇರುವ ಉಪ್ಪು ಬಳಸುವ ಮನೆಗಳು ಶೇ. 76.3 ಮಾತ್ರ. ಇವುಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎಂದಲ್ಲ. ಅಳೆದ ಬಗೆ ಬೇರೆ. ಮೊದಲನೆಯದರಲ್ಲಿ ಉಪ್ಪಿನ ಮೇಲೆ ಪಿಷ್ಟದ ದ್ರಾವಣದ ತೊಟ್ಟು ಬಿಟ್ಟು, ನೀಲಿ ಬಂದರೆ ಅಯೋಡಿನ್ ಇದೆ ಎಂದು ಬರೆದುಕೊಳ್ಳುತ್ತಾರೆ. ಗಳಗಂಡಪೀಡಿತ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 50 ಮನೆಗಳ ಉಪ್ಪನ್ನು ನೋಡುವುದೂ ಇಂಥದೇ ಕಿಟ್‌ನಿಂದ. ಇದೆಯೋ ಇಲ್ಲವೋ ಎಂಬುದಕ್ಕೆ ಅದು ಒಳ್ಳೆಯ ಉತ್ತರ ಕೊಡುತ್ತದೆ, ಎಷ್ಟಿದೆ ಎಂಬುದಕ್ಕಲ್ಲ. ಎರಡನೆಯದು ಟೈಟ್ರೇಷನ್, ಅಂದರೆ ಪ್ರಮಾಣವನ್ನೇ ಹೇಳುವ ಪ್ರಯೋಗಾಲಯದ ಅಳತೆ, ಮಾಡಿ 15 ಪಿಪಿಎಂ ಗೆರೆಯನ್ನು ದಾಟಿದ ಉಪ್ಪನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡದ್ದು. ಬಸುರಿಯ ಮಟ್ಟಿಗೆ ‘ಎಷ್ಟಿದೆ’ ಎಂಬ ಪ್ರಶ್ನೆಯೇ ಮುಖ್ಯ.

ಏಕೆಂದರೆ ಲೆಕ್ಕ ತೀರಾ ಬಿಗಿಯಾಗಿದೆ. ದಿನಕ್ಕೆ 8 ಗ್ರಾಂ ಉಪ್ಪು ತಿನ್ನುವಾಕೆಗೆ, ಉಪ್ಪಿನಲ್ಲಿ 30 ಪಿಪಿಎಂ ಉಳಿದಿದ್ದರೆ 240 ಮೈಕ್ರೋಗ್ರಾಂ, ಅಡುಗೆಯಲ್ಲಿ ಶೇ. 20ರಷ್ಟು ಹೋಗುತ್ತದೆಂದು ಹಿಡಿದರೆ 192. ಅದೇ ಉಪ್ಪು 15 ಪಿಪಿಎಂಗೆ ಇಳಿದಿದ್ದರೆ ಕೈಗೆ ಸಿಗುವುದು 96. ರಕ್ತದೊತ್ತಡದ ಭಯದಿಂದ ಉಪ್ಪನ್ನು 5 ಗ್ರಾಂಗೆ ಇಳಿಸಿದವಳಿಗೆ, ಉಪ್ಪು 15 ಪಿಪಿಎಂ ಇದ್ದರೆ, ಬರೀ 60. ಉಳಿದದ್ದು ಹಾಲು, ಮೊಸರು, ಮೊಟ್ಟೆ, ಮೀನಿನಿಂದ ಬರಬೇಕು. ಅಂಗನವಾಡಿಯ ಮಾತೃಪೂರ್ಣದ ಊಟದಲ್ಲಿ ಹಾಲು, ಮೊಟ್ಟೆ ಇರುವುದು ಈ ದೃಷ್ಟಿಯಿಂದಲೂ ಒಳ್ಳೆಯದೇ. ಹೆಚ್ಚು ಉಪ್ಪು ತಿನ್ನಿ ಎಂದು ನಾನು ಹೇಳುತ್ತಿಲ್ಲ. ತಿನ್ನುವ ಉಪ್ಪು ಕಡಿಮೆಯಾದಷ್ಟೂ ಅದರಲ್ಲಿರುವ ಅಯೋಡಿನ್ ಕಾಪಾಡಿಕೊಳ್ಳಬೇಕಾದ ಅಗತ್ಯ ಹೆಚ್ಚುತ್ತದೆ ಎನ್ನುತ್ತಿದ್ದೇನೆ.

ನಮ್ಮ ಅಡುಗೆಮನೆಗಳಲ್ಲಿ ಅದು ಕಳೆದುಹೋಗುವ ದಾರಿಗಳನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಕಲ್ಲುಪ್ಪಿನಲ್ಲಿ ಮಣ್ಣು, ಕಸ ಇರುತ್ತದೆಂದು ಅದನ್ನು ಜರಡಿಯಲ್ಲಿಟ್ಟು ನೀರು ಹೊಯ್ದು ತೊಳೆದು, ಬಿಸಿಲಿಗೆ ಒಣಗಿಸಿ ಭರಣಿಗೆ ತುಂಬುವ ರೂಢಿ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಅಯೋಡಿನ್ ಸೇರಿಸುವಾಗ ಹರಳಿನ ಮೇಲೆ ಸಿಂಪಡಿಸಿರುತ್ತಾರೆ. ಮೇಲ್ಮೈಯಲ್ಲಿದ್ದದ್ದು ಮೊದಲ ನೀರಿಗೇ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುತ್ತದೆ. ಆ ನೀರನ್ನು ಬಸಿದು ಚೆಲ್ಲಿದರೆ ಅಯೋಡಿನ್ ಕೂಡ ಅದರೊಂದಿಗೆ ಹರಿದುಹೋಗುತ್ತದೆ. ಒಲೆಯ ಪಕ್ಕದಲ್ಲಿ ಬಾಯಿ ತೆರೆದ ಮರದ ಉಪ್ಪಿನ ಮರಿಗೆ, ಹುರಿದು ಬಳಸುವ ಉಪ್ಪಿನಕಾಯಿಯ ಉಪ್ಪು, ಇವೂ ಅದೇ ಸಾಲಿಗೆ ಸೇರುತ್ತವೆ. ಇತ್ತೀಚೆಗೆ ಸೇರಿಕೊಂಡದ್ದು ಸೈಂಧವ ಲವಣದ ಹುಚ್ಚು. ಗುಲಾಬಿ ಬಣ್ಣದ ಉಪ್ಪು ನೈಸರ್ಗಿಕವೆಂದು ಸಾಮಾನ್ಯ ಉಪ್ಪಿನ ಹಲವು ಪಟ್ಟು ಬೆಲೆ ಕೊಟ್ಟು ತರುವ ಓದಿದ ಕುಟುಂಬಗಳಲ್ಲಿಯೇ, ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿಲ್ಲದಿದ್ದರೆ, ಬಸುರಿಗೆ ಅಯೋಡಿನ್ ಸಿಗುವ ಮುಖ್ಯ ದಾರಿ ಮುಚ್ಚಿಹೋಗಿರುತ್ತದೆ. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂಬ ನಂಬಿಕೆಯೂ ತಪ್ಪು. ನೀರು ಆವಿಯಾಗಿ ಹರಳುಗಟ್ಟಿದ ಉಪ್ಪಿನಲ್ಲಿ ಅದು ನಗಣ್ಯ. ಕರ್ನಾಟಕದಲ್ಲಿ ಹಿಂದಿನ ಸಮೀಕ್ಷೆಗಳು ಗಳಗಂಡವನ್ನು ಹೆಚ್ಚಾಗಿ ಕಂಡದ್ದು ಚಿಕ್ಕಮಗಳೂರು, ಕೊಡಗಿನಂಥ, ಮಳೆ ಮಣ್ಣನ್ನು ತೊಳೆದುಹಾಕುವ ಗುಡ್ಡಗಾಡಿನಲ್ಲಿ. ಹಾಗೆಂದು ಕರಾವಳಿಯವರು ತಮಗೆ ಈ ಚಿಂತೆಯಿಲ್ಲ ಎನ್ನುವಂತಿಲ್ಲ.

ಇಲ್ಲಿಯವರೆಗಿನದು ಮೊದಲ ಪ್ರಶ್ನೆ. ಎರಡನೆಯದಕ್ಕೆ ಬರುವ ಮುನ್ನ ಬೆಂಗಳೂರಿನದೇ ಒಂದು ಅಧ್ಯಯನವನ್ನು ನೆನೆಯಬೇಕು. ಇಲ್ಲಿನ ಗರ್ಭಿಣಿಯರನ್ನು ಮೊದಲ ಮೂರು ತಿಂಗಳಲ್ಲೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಆ ವರದಿಯಲ್ಲಿ, ಮೂತ್ರದ ಅಯೋಡಿನ್ ಮಧ್ಯಾಂಕ ‘ಸಾಕಷ್ಟು’ ಎಂಬ ಪಟ್ಟಿಯೊಳಗೇ ಇತ್ತು. ಆದರೂ ಹೈಪೋಥೈರಾಯ್ಡಿಸಂ, ಅಂದರೆ ಗ್ರಂಥಿಯ ಕೆಲಸ ಕುಗ್ಗಿರುವುದು, ಹೆಚ್ಚಿನ ಪ್ರಮಾಣದಲ್ಲಿ ಕಂಡಿತು. ಊರಿಗೆ ಅಯೋಡಿನ್ ಸಾಕಾಗಿದ್ದರೂ ವ್ಯಕ್ತಿಯ ಗ್ರಂಥಿ ಸೋಲಬಹುದು. ಅಯೋಡಿನ್ ಸಾಕಷ್ಟಿರುವ ಕಡೆ ಅದಕ್ಕೆ ಮುಖ್ಯ ಕಾರಣ ದೇಹ ತನ್ನ ಗ್ರಂಥಿಯ ಮೇಲೆಯೇ ತಿರುಗಿಬೀಳುವುದು. ರಕ್ತದಲ್ಲಿ ಟಿಪಿಒ ಪ್ರತಿಕಾಯ (ಗ್ರಂಥಿಯ ಒಂದು ಕಿಣ್ವದ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನ್) ಇದೆಯೇ ಎಂದು ನೋಡಿದರೆ ಅದು ತಿಳಿಯುತ್ತದೆ. ಬೇರೆ ಬೇರೆ ದೇಶಗಳ ಗರ್ಭಿಣಿಯರಲ್ಲಿ ಶೇ. 2ರಿಂದ 17ರವರೆಗೆ ಈ ಪ್ರತಿಕಾಯಗಳು ಕಂಡುಬಂದಿವೆ. ಇಂಥವರಿಗೆ ಉಪ್ಪು ಬದಲಾಯಿಸಿ ಪ್ರಯೋಜನವಿಲ್ಲ. ಇದರ ತಿರುವುಮುರುವೂ ನಿಜ: ಅಯೋಡಿನ್ ಸ್ವಲ್ಪ ಕಡಿಮೆಯಿದ್ದಾಗ ಗ್ರಂಥಿ ಟಿ4ನ್ನು ಕಡಿಮೆ ಮಾಡಿ, ಮೂರೇ ಅಯೋಡಿನ್ ಪರಮಾಣು ಸಾಕಾಗುವ ಇನ್ನೊಂದು ಹಾರ್ಮೋನಾದ ಟಿ3ನ್ನು ಹೆಚ್ಚು ಮಾಡಿ ಸಂಭಾಳಿಸುತ್ತದೆ, ಟಿಎಸ್‌ಎಚ್ ಅಲುಗುವುದೇ ಇಲ್ಲ. ಆದ್ದರಿಂದ ಟಿಎಸ್‌ಎಚ್ ಸರಿಯಿದೆ ಎಂಬ ಮಾತ್ರಕ್ಕೆ ಅಯೋಡಿನ್ ಸಾಕಷ್ಟಿದೆ ಎಂದು ತೀರ್ಮಾನಿಸುವಂತಿಲ್ಲ.

ಟಿಎಸ್‌ಎಚ್ ಓದುವುದರಲ್ಲೂ ಬಸುರಿನ ನಿಯಮ ಬೇರೆ. ಗರ್ಭ ನಿಂತ ಮೇಲೆ ಮಾಸು ಉತ್ಪಾದಿಸುವ ಎಚ್‌ಸಿಜಿ ಹಾರ್ಮೋನ್ ರಚನೆಯಲ್ಲಿ ಟಿಎಸ್‌ಎಚ್ ಅನ್ನೇ ಹೋಲುವುದರಿಂದ ಅದೂ ಗ್ರಂಥಿಯನ್ನು ಚುರುಕುಗೊಳಿಸುತ್ತದೆ. ಪರಿಣಾಮವಾಗಿ ಮೊದಲ ತ್ರೈಮಾಸಿಕದಲ್ಲಿ ಟಿಎಸ್‌ಎಚ್ ಸಹಜವಾಗಿಯೇ ಇಳಿಯುತ್ತದೆ. ಹಾಗಾದರೆ ಎಷ್ಟರವರೆಗೆ ಸರಿ? ಅಮೆರಿಕದ ಥೈರಾಯ್ಡ್ ಸಂಘ 2011ರಲ್ಲಿ ಮೊದಲ ತ್ರೈಮಾಸಿಕಕ್ಕೆ 2.5, ಆಮೇಲೆ 3.0 (ಲೀಟರಿಗೆ ಮಿಲಿ ಯೂನಿಟ್‌ಗಳ ಲೆಕ್ಕ) ಎಂಬ ಮೇಲ್ಗೆರೆ ಎಳೆಯಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯೂ 2.5 ಮತ್ತು 3 ಎಂದೇ ಹೇಳಿತು. ಆದರೆ ದೆಹಲಿಯ ಆರೋಗ್ಯವಂತ ಗರ್ಭಿಣಿಯರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ತ್ರೈಮಾಸಿಕದ ಸಹಜ ವ್ಯಾಪ್ತಿ 0.6ರಿಂದ 5.0ರವರೆಗೆ ಇತ್ತು. ಅದೇ ಅಮೆರಿಕದ ಸಂಘ 2017ರಲ್ಲಿ ತನ್ನ ಮಾತನ್ನು ತಿದ್ದಿಕೊಂಡು, ಆಯಾ ಜನರಲ್ಲಿ ಅಳೆದ ವ್ಯಾಪ್ತಿಯನ್ನೇ ಬಳಸಬೇಕು, ಅದು ಸಿಗದಿದ್ದರೆ 4.0 ಹಿಡಿಯಬಹುದು ಎಂದಿತು. ಒಬ್ಬಾಕೆಯ ಟಿಎಸ್‌ಎಚ್ 3.2 ಎಂದಿಟ್ಟುಕೊಳ್ಳಿ: ಒಂದು ಪುಸ್ತಕದ ಪ್ರಕಾರ ರೋಗಿ, ಇನ್ನೊಂದರ ಪ್ರಕಾರ ಆರೋಗ್ಯವಂತೆ. ಬಸುರಿಯರಲ್ಲಿ ಇಷ್ಟು ಮಂದಿಗೆ ಥೈರಾಯ್ಡ್ ತೊಂದರೆ ಎಂಬ ದೊಡ್ಡ ಶೇಕಡಾವಾರು ಪತ್ರಿಕೆಯಲ್ಲಿ ಕಂಡಾಗ, ಯಾವ ಗೆರೆ ಹಿಡಿದು ಎಣಿಸಿದರು ಎಂದು ಮೊದಲು ಕೇಳಬೇಕು.

ಟಿ4 ಪರೀಕ್ಷೆಯ ಬಗ್ಗೆಯೂ ಎಚ್ಚರ ಬೇಕು. ಬಸುರಿನಲ್ಲಿ ಥೈರಾಕ್ಸಿನನ್ನು ಹೊತ್ತೊಯ್ಯುವ ಪ್ರೋಟೀನ್ ಬಹಳ ಏರುವುದರಿಂದ, ಸಾಮಾನ್ಯ ಯಂತ್ರಗಳಲ್ಲಿ ಮಾಡುವ ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ಅಳತೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಹದಿನಾರನೆಯ ವಾರದ ನಂತರ ಒಟ್ಟು ಟಿ4 ನೋಡಿ, ಬಸುರಿಲ್ಲದವರ ವ್ಯಾಪ್ತಿಯನ್ನು ಒಂದೂವರೆ ಪಟ್ಟು ಮಾಡಿ ಹೋಲಿಸುವುದು ಮೇಲು. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಬಗೆಯ ಯಂತ್ರಗಳು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ, ಟಿ4ನ್ನು ಸುಳ್ಳೇ ಹೆಚ್ಚು ತೋರಿಸುತ್ತವೆ; ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು. ಎಲ್ಲ ಗರ್ಭಿಣಿಯರಿಗೂ ಪರೀಕ್ಷೆ ಮಾಡಬೇಕೇ ಎಂಬ ವಾದ ಜಗತ್ತಿನಲ್ಲಿ ಇನ್ನೂ ಮುಗಿದಿಲ್ಲ. ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಅಪಾಯವಿರುವವರನ್ನು ಆರಿಸಿಕೊಳ್ಳಲು ಹೇಳುತ್ತದೆ: ಅಯೋಡಿನ್ ಕೊರತೆಯ ಪ್ರದೇಶದವರು, ಗಳಗಂಡವಿರುವವರು, ಮನೆತನದಲ್ಲಿ ಥೈರಾಯ್ಡ್ ಕಾಯಿಲೆ ಇರುವವರು, ಪದೇ ಪದೇ ಗರ್ಭಪಾತವಾದವರು, ಮಕ್ಕಳಾಗಲು ಚಿಕಿತ್ಸೆ ಪಡೆದವರು, ಸ್ಥೂಲಕಾಯದವರು, ಟೈಪ್ 1 ಮಧುಮೇಹ ಇರುವವರು. ಪಟ್ಟಿ ಇಷ್ಟು ಉದ್ದವಿರುವಾಗ ಒಂದು ಟಿಎಸ್‌ಎಚ್ ಮಾಡಿಸಿಬಿಡುವುದೇ ಸುಲಭ ಎನ್ನುವ ವೈದ್ಯರನ್ನು ನಾನು ದೂರಲಾರೆ. ಆದರೆ ಮಾಡಿಸುವುದಾದರೆ ಮೊದಲ ಭೇಟಿಯಲ್ಲೇ ಮಾಡಿಸಬೇಕು.

ಟಿಎಸ್‌ಎಚ್ 10 ದಾಟಿದ್ದರೆ ಲೆವೊಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಥೈರಾಕ್ಸಿನ್, ಕೊಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕಿಂತ ಕೆಳಗಿನ ಸಣ್ಣ ಏರಿಕೆಗೆ ಚಿಕಿತ್ಸೆ ಕೊಟ್ಟು ಮಕ್ಕಳ ಬುದ್ಧಿಮಟ್ಟ ಅಳೆದ ಎರಡು ದೊಡ್ಡ ಪ್ರಯೋಗಗಳು, ಬ್ರಿಟನ್ ಮತ್ತು ಇಟಲಿಯದು 2012ರಲ್ಲಿ, ಅಮೆರಿಕದ್ದು 2017ರಲ್ಲಿ ಪ್ರಕಟವಾದವು. ಎರಡರಲ್ಲೂ ಲಾಭ ಕಾಣಲಿಲ್ಲ. ಚಿಕಿತ್ಸೆ ಶುರುವಾದದ್ದೇ ತಡ, ಹದಿಮೂರನೆಯ ವಾರದ ಸುಮಾರಿಗೆ ಅಥವಾ ಅದಕ್ಕೂ ಆಮೇಲೆ, ಎಂಬ ಆಕ್ಷೇಪ ನ್ಯಾಯವಾದದ್ದೇ. ಟಿಪಿಒ ಪ್ರತಿಕಾಯ ಇದ್ದು ಟಿಎಸ್‌ಎಚ್ ಗೆರೆ ದಾಟಿದ್ದರೆ ಮಾತ್ರೆ ಕೊಡುವುದು ಇಂದಿನ ಪದ್ಧತಿ. ಮೊದಲಿನಿಂದಲೂ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಿಂಗಳು ನಿಂತದ್ದು ಖಚಿತವಾದ ಕೂಡಲೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ತೆಗೆದುಕೊಳ್ಳುವಂತೆ ಮೊದಲೇ ವೈದ್ಯರೊಂದಿಗೆ ಮಾತಾಡಿಟ್ಟುಕೊಂಡಿರುವುದು ಒಳ್ಳೆಯದು. ಬಹುಪಾಲು ಮನೆಗಳಲ್ಲಿ ಎಡವಟ್ಟಾಗುವುದು ಮಾತ್ರೆ ನುಂಗುವ ಹೊತ್ತಿನಲ್ಲಿ. ಆರೋಗ್ಯ ಕೇಂದ್ರದಿಂದ ಬಂದ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಥೈರಾಯ್ಡ್ ಮಾತ್ರೆ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಒಟ್ಟಿಗೆ ನುಂಗಿ ಮೇಲೊಂದು ಲೋಟ ಕಾಫಿ ಕುಡಿದರೆ, ಥೈರಾಕ್ಸಿನ್ ಕರುಳಲ್ಲೇ ಕಬ್ಬಿಣ, ಕ್ಯಾಲ್ಸಿಯಂಗಳಿಗೆ ಅಂಟಿಕೊಂಡು ಹೊರಹೋಗುತ್ತದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ. ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದು. ಕಬ್ಬಿಣ, ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು. ಹಾಗೆಂದು ಕಬ್ಬಿಣವನ್ನು ಬಿಡುವಂತಿಲ್ಲ: ಅಯೋಡಿನನ್ನು ಹಾರ್ಮೋನಿಗೆ ಸೇರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು, ರಕ್ತಹೀನತೆ ಇದ್ದರೆ ಇದ್ದ ಅಯೋಡಿನ್ ಕೂಡ ಪೂರ್ತಿ ಬಳಕೆಯಾಗುವುದಿಲ್ಲ.

ಅಯೋಡಿನ್ ಮಾತ್ರೆಯನ್ನೇ ಎಲ್ಲರಿಗೂ ಕೊಟ್ಟರೆ ಹೇಗೆ ಎಂಬ ಪ್ರಶ್ನೆಗೂ ನಮ್ಮ ಊರಿನ ಉತ್ತರವಿದೆ. 2008ರಿಂದ 2011ರ ನಡುವೆ ಬೆಂಗಳೂರು ಮತ್ತು ಬ್ಯಾಂಕಾಕ್‌ನ 832 ಗರ್ಭಿಣಿಯರನ್ನು ಸೇರಿಸಿಕೊಂಡು, ಅರ್ಧದಷ್ಟು ಮಂದಿಗೆ ದಿನಕ್ಕೆ 200 ಮೈಕ್ರೋಗ್ರಾಂ ಅಯೋಡಿನ್, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟರು. ಆರಂಭದಲ್ಲಿ ಒಟ್ಟು ಮಧ್ಯಾಂಕ 131, ಅಂದರೆ ಸಣ್ಣ ಕೊರತೆ. ಐದಾರು ವರ್ಷದ ಹೊತ್ತಿಗೆ ಪರೀಕ್ಷೆಗೆ ಸಿಕ್ಕ ಮುನ್ನೂರಕ್ಕೂ ಹೆಚ್ಚು ಮಕ್ಕಳ ಬುದ್ಧಿಮಟ್ಟದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆಯವರೆಗೆ ಸಿಗದಿದ್ದುದು ಅದರ ಮಿತಿ. ಉಪ್ಪಿನ ಕಾರ್ಯಕ್ರಮ ಸರಿಯಿರುವ ಕಡೆ ಮಾತ್ರೆಯ ಮೇಲೆ ಹೆಚ್ಚು ಭರವಸೆ ಇಡಬೇಕಿಲ್ಲ ಎಂದು ನಾನು ಅದರಿಂದ ಅರ್ಥಮಾಡಿಕೊಂಡಿದ್ದೇನೆ. ಉಪ್ಪೇ ತಿನ್ನದವರು, ಸೈಂಧವ ಲವಣ ಬಿಡದವರು, ಹಾಲು ಮೊಟ್ಟೆ ಮೀನು ಯಾವುದನ್ನೂ ಮುಟ್ಟದವರು ವೈದ್ಯರನ್ನು ಕೇಳಿ 150 ಮೈಕ್ರೋಗ್ರಾಂ ಇರುವ ಮಾತ್ರೆ ತೆಗೆದುಕೊಳ್ಳಬಹುದು. ಕಡಲಕಳೆಯ ಮಾತ್ರೆಗಳನ್ನು ಮಾತ್ರ ಬೇಡವೇ ಬೇಡ. ಅದರಲ್ಲಿ ಅಯೋಡಿನ್ ಎಷ್ಟಿದೆ ಎಂಬುದಕ್ಕೆ ಲೆಕ್ಕವಿಲ್ಲ, ಅತಿಯಾದರೆ ಮಗುವಿನ ಗ್ರಂಥಿ ಕೆಲಸ ನಿಲ್ಲಿಸುತ್ತದೆ, ದೊಡ್ಡವರ ಗ್ರಂಥಿಯಂತೆ ಅದರಿಂದ ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕೆ ಕೊನೆಯ ತಿಂಗಳ ಹೊತ್ತಿಗಷ್ಟೇ ಬರುತ್ತದೆ.

ಥೈರಾಯ್ಡ್ ಅಯೋಡಿನ್ ಬಳಸಿಕೊಳ್ಳುವುದಕ್ಕೆ ಅಡ್ಡಿಮಾಡುತ್ತದೆ ಎನ್ನುವ ಎಲೆಕೋಸನ್ನು ಬಿಡಬೇಕೇ ಎಂದು ಸಭೆಯಲ್ಲಿ ಕೇಳಿದ್ದರು. ಬೇಯಿಸಿ ತಿನ್ನುವವರು, ಅಯೋಡಿನ್ ಉಪ್ಪು ಬಳಸುವವರು ಬಿಡಬೇಕಾಗಿಲ್ಲ.

ಹೆರಿಗೆಯ ನಂತರದ ಒಂದು ಪರೀಕ್ಷೆಯಲ್ಲಿ ಮಾತ್ರ ಈ ಎರಡು ಪ್ರಶ್ನೆಗಳು ಒಂದೇ ತೊಟ್ಟು ರಕ್ತದಲ್ಲಿ ಕೂಡುತ್ತವೆ. ಮೂರ್ನಾಲ್ಕನೆಯ ದಿನ ಕೂಸಿನ ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ರಕ್ತ ಹೀರಿಸಿ ಟಿಎಸ್‌ಎಚ್ ನೋಡಿದರೆ, ಹುಟ್ಟಿನಿಂದಲೇ ಥೈರಾಯ್ಡ್ ಇಲ್ಲದ ಅಥವಾ ಸರಿಯಾಗಿ ಕೆಲಸ ಮಾಡದ ಮಗು ಗೊತ್ತಾಗುತ್ತದೆ. ನಮ್ಮಲ್ಲಿ ಇದು ಸಾವಿರಕ್ಕೆ ಒಂದರ ಆಸುಪಾಸು, ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಸಹಜವಾಗಿ ಬೆಳೆಯುತ್ತದೆ. ಅದೇ ಅಂಕಿಗಳನ್ನು ಇಡೀ ಜಿಲ್ಲೆಗೆ ಕೂಡಿಸಿ, ಟಿಎಸ್‌ಎಚ್ 5 ದಾಟಿದ ಕೂಸುಗಳು ಶೇ. 3ಕ್ಕಿಂತ ಕಡಿಮೆಯಿದ್ದರೆ ಅಲ್ಲಿನ ಬಸುರಿಯರಿಗೆ ಅಯೋಡಿನ್ ಸಾಕಾಗಿತ್ತು ಎಂದು ಹೇಳಬಹುದು. ಹೆರಿಗೆಯಲ್ಲಿ ಪೊವಿಡೋನ್ ಅಯೋಡಿನ್ ಧಾರಾಳವಾಗಿ ಬಳಸಿದ್ದರೆ, ಅಥವಾ ಮನೆಗೆ ಕಳಿಸುವ ಅವಸರದಲ್ಲಿ ಮೊದಲ ದಿನವೇ ರಕ್ತ ತೆಗೆದಿದ್ದರೆ, ಅಂಕಿ ಸುಳ್ಳೇ ಏರುತ್ತದೆ. ಸರ್ಕಾರಿ ಆಸ್ಪತ್ರೆಗಳಿಂದ ತಾಯಿ ಮಗು ಎರಡನೆಯ ದಿನವೇ ಹೊರಟುಬಿಡುವುದುಂಟು. ಅಂಥವರ ಮಗುವಿನ ಹಿಮ್ಮಡಿ ರಕ್ತವನ್ನು, ಮನೆಭೇಟಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಮೂರನೆಯ ದಿನ ತರಿಸಿಕೊಳ್ಳುವ ಏರ್ಪಾಡು ಆಗಬೇಕು. ಹಾಲೂಡಿಸುವ ತಾಯಿಯ ಅಯೋಡಿನ್ ಅಗತ್ಯ ಆಗಲೂ 250ರಲ್ಲೇ ಇರುತ್ತದೆ; ಬಸುರಿನಲ್ಲಿ ಏರಿಸಿದ ಥೈರಾಕ್ಸಿನ್ ಪ್ರಮಾಣವನ್ನು ಹೆರಿಗೆಯಾದ ಮೇಲೆ ಮೊದಲಿನಷ್ಟಕ್ಕೆ ಇಳಿಸಿ, ಆರು ವಾರಕ್ಕೆ ಟಿಎಸ್‌ಎಚ್ ಮತ್ತೊಮ್ಮೆ ನೋಡಬೇಕು.